ಆ ಒಂದು ನಿಮಿಷ: ಟರ್ಬೊ ಎಂಜಿನ್ನಿನ ಚರಿತ್ರೆ ಮತ್ತು ನಮ್ಮ ರೂಢಿಗಳು



ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸಿದವನು ಮೋಟಾರು ಎಂಜಿನ್ನಿನ ಕುರಿತು ಬರೆಯಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಪಾಣಿಪತ್ ಕದನವನ್ನು ಬಿಟ್ಟು ಸಾರ್ ಗ್ಯಾರೇಜಿಗೆ ಏಕೆ ಬಂದರು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರಿಸುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಮನೆ ಚಾರ್ಮಾಡಿ ಘಾಟಿಯ ಮೇಲೆ, ಕೊಟ್ಟಿಗೆಹಾರದಿಂದ ತುಸು ದೂರದಲ್ಲಿರುವುದು ನಿಮಗೆ ತಿಳಿದೇ ಇದೆ. ಮಗಳು ಮತ್ತು ಅಳಿಯಂದಿರು ಮಂಗಳೂರಿನಲ್ಲಿದ್ದಾರೆ. ಅವರು ಘಾಟಿ ಹತ್ತಿ ನಮ್ಮಲ್ಲಿಗೆ ಬಂದಾಗಲೆಲ್ಲ ಅಳಿಯಂದಿರು ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ, ಒಂದು ನಿಮಿಷ ಹಾಗೆಯೇ ಕುಳಿತಿರುತ್ತಿದ್ದರು. ಮಿತವ್ಯಯದ ಪಾಠವನ್ನು ಜೀವಮಾನವಿಡೀ ಹೇಳಿಕೊಂಡು ಬಂದ ನನಗೆ ಇದು ಸಹಿಸಲಾಗಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ: "ಅಳಿಯಂದಿರೇ, ಡೀಸೆಲ್ ಏನು ಬಾವಿ ನೀರೇ? ಮನೆಯ ಬಾಗಿಲಿಗೆ ಬಂದ ಮೇಲೂ ಏಕೆ ಸುಡುತ್ತೀರಿ?" ಅವರು "ಆಯಿತು ಮಾವ" ಎಂದು ನಕ್ಕು ಕೀಲಿ ತಿರುಗಿಸಿದರು. ಅಂದಿನಿಂದ ನಮ್ಮ ಅಂಗಳದಲ್ಲಿ ಆ ಒಂದು ನಿಮಿಷ ನಿಂತುಹೋಯಿತು.

ಕೆಲವು ವರ್ಷಗಳ ಬಳಿಕ ಅವರು ಹೊಸ ಕಾರು ಕೊಂಡು ಹಳೆಯದನ್ನು ನನಗೆ ಕೊಟ್ಟರು. ಮಂಗಳೂರಿಗೆ ಹೋಗಿಬರುವುದು ನನಗೆ ರೂಢಿಯಾಯಿತು. ಹಿಂದಿರುಗುವಾಗ ಘಾಟಿಯ ತಿರುವುಗಳನ್ನೆಲ್ಲ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಲ್ಲಿಸಿ, ಚಕ್ರ ನಿಂತ ಕ್ಷಣವೇ ಕೀಲಿ ತಿರುಗಿಸುತ್ತಿದ್ದೆ. ಒಂದು ಹನಿ ಡೀಸೆಲ್ಲನ್ನೂ ವ್ಯರ್ಥ ಮಾಡಲಿಲ್ಲವೆಂಬ ತೃಪ್ತಿ ನನ್ನದು. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಘಾಟಿಯ ನಡುವಿನಲ್ಲಿ ಕಾರಿನ ಬಲವೆಲ್ಲ ಉಡುಗಿಹೋಯಿತು. ಸಿಳ್ಳೆಯಂಥ ಸದ್ದು, ಹಿಂದಿನಿಂದ ನೀಲಿ ಹೊಗೆ. ಹೇಗೋ ತೆವಳಿಕೊಂಡು ಮೇಲೆ ಬಂದೆವು.

ಕಾರನ್ನು ಬಿಚ್ಚಿದವನು ನನ್ನ ಹಳೆಯ ವಿದ್ಯಾರ್ಥಿ. ಕೈಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಲೋಹದ ಭಾಗ ಹಿಡಿದು ಬಂದು, ಒಳಗಿನ ಸಣ್ಣ ದಂಡವನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದ. ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ಕರಿ ಹಿಡಿದಿತ್ತು. "ಸಾರ್, ಘಾಟಿ ಹತ್ತಿ ಬಂದ ತಕ್ಷಣ ಆಫ್ ಮಾಡ್ತಿದ್ರಾ? ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದ. ಎರಡು ಪ್ರಶ್ನೆಗಳಿಗೂ ನನ್ನಲ್ಲಿ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಆಯಿಲ್ ಬದಲಿಸುವ ಅವಧಿಯೂ ಮೀರಿತ್ತು. ದುರಸ್ತಿಯ ವೆಚ್ಚ ನನ್ನ ಒಂದು ತಿಂಗಳ ಪಿಂಚಣಿಯನ್ನು ದಾಟಿತು.

ಹಣ ಹೋದುದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಬೇರೊಂದು ಸಂಗತಿ. ತರಗತಿಯಲ್ಲಿ ನಾನು ನಿಮಗೆ ಸದಾ ಹೇಳುತ್ತಿದ್ದ ಮಾತು ನೆನಪಿರಬಹುದು: ಇಸವಿಯನ್ನು ಬಾಯಿಪಾಠ ಮಾಡಬೇಡಿ, ಅದು ಆ ಕಾಲದಲ್ಲಿ ಏಕೆ ಆಯಿತೆಂದು ಕೇಳಿ. ಆದರೆ ಅಳಿಯಂದಿರ ಆ ಒಂದು ನಿಮಿಷವನ್ನು ಕಂಡಾಗ ನಾನು ಏಕೆ ಎಂದು ತಿಳಿಯುವುದಕ್ಕಾಗಿ ಕೇಳಲಿಲ್ಲ, ಗದರುವುದಕ್ಕಾಗಿ ಕೇಳಿದೆ. ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಈ ಟರ್ಬೊ ಎಂಬ ಸಾಧನದ ಚರಿತ್ರೆಯನ್ನು ಓದತೊಡಗಿದೆ. ಓದಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ತತ್ತ್ವವನ್ನು ನೋಡೋಣ. ಕಮ್ಮಾರನ ಕುಲುಮೆಯನ್ನು ನೀವು ಕಂಡಿದ್ದೀರಿ. ಇದ್ದಿಲು ಎಷ್ಟೇ ಇರಲಿ, ತಿದಿ ಒತ್ತದೆ ಕಬ್ಬಿಣ ಕೆಂಪಾಗದು. ಎಂಜಿನ್ನಿನ ಸ್ಥಿತಿಯೂ ಅದೇ. ಇಂಧನವನ್ನು ಎಷ್ಟು ಬೇಕಾದರೂ ಸುರಿಯಬಹುದು. ಅದು ಉರಿಯಲು ಬೇಕಾದ ಗಾಳಿಯನ್ನು ಮಾತ್ರ ಪಿಸ್ಟನ್ ತನ್ನ ಗಾತ್ರಕ್ಕೆ ತಕ್ಕಷ್ಟೇ ಎಳೆದುಕೊಳ್ಳಬಲ್ಲದು. ಹೆಚ್ಚು ಬಲ ಬೇಕಾದರೆ ಎಂಜಿನ್ನನ್ನು ದೊಡ್ಡದು ಮಾಡಬೇಕು, ಇಲ್ಲವೇ ಅದಕ್ಕೊಂದು ತಿದಿ ಜೋಡಿಸಬೇಕು. ಆದರೆ ಆ ತಿದಿಯನ್ನು ಒತ್ತುವವರು ಯಾರು?

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಆಲ್ಫ್ರೆಡ್ ಬ್ಯೂಕಿ. 1879ರಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ ಜನಿಸಿದ ಎಂಜಿನಿಯರ್ ಇವರು. ಇಂಧನದಿಂದ ಹುಟ್ಟಿದ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಹೊಗೆಯೊಡನೆ ಹೊರಗೆ ಹೋಗಿ ನಷ್ಟವಾಗುತ್ತದೆ ಎಂಬುದು ಅವರನ್ನು ಕಾಡಿತು. ಆ ಬಿಸಿ ಹೊಗೆಯ ದಾರಿಯಲ್ಲಿ ಅಲಗುಗಳುಳ್ಳ ಒಂದು ಸಣ್ಣ ಚಕ್ರವನ್ನಿಟ್ಟರೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರ ಕೂಡಿಸಿದರೆ ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಬಿಟ್ಟುಹೋಗುವ ಉಸಿರಿನಿಂದಲೇ ಒಳಗೆಳೆಯುವ ಉಸಿರಿಗೆ ಬಲ! ಈ ಕಲ್ಪನೆಗೆ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಆದರೆ ಆ ಕಾಲದ ಲೋಹಗಳು ಅಂಥ ಶಾಖವನ್ನು ತಾಳುವಂತಿರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1920ರ ದಶಕದ ನಡುಭಾಗದಲ್ಲಿ, 'ಪ್ರೊಯಿಸನ್' ಮತ್ತು 'ಹನ್ಸೆಸ್ಟಾಟ್ ಡಾನ್‌ಸಿಗ್' ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳಿಗೆ ಈ ಸಾಧನವನ್ನು ಜೋಡಿಸಿದಾಗ ಅವುಗಳ ಬಲ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂದಿತ್ತು. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ. ಫ್ರಾನ್ಸಿನಲ್ಲಿ ಆಗಸ್ಟ್ ರಾಟೋ ಇದಕ್ಕೆ ಟರ್ಬೊ ಜೋಡಿಸಿ ನೋಡಿದರು. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಟ್ರಕ್ಕಿನ ಮೇಲೇರಿಸಿ, ಕೊಲರಾಡೊದ ಪೈಕ್ಸ್ ಪೀಕ್ ಪರ್ವತದ ನೆತ್ತಿಗೆ ಒಯ್ದರು. 14,000 ಅಡಿ ಮೀರಿದ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ. 60 ಮಾತ್ರ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಕೂಡಿಸಿದೊಡನೆ ಮತ್ತೆ 350 ದಾಟಿತು. 1920ರ ಫೆಬ್ರವರಿಯಲ್ಲಿ ಮೇಜರ್ ಶ್ರೋಡರ್ ಎಂಬ ವೈಮಾನಿಕರು ಇಂಥ ಎಂಜಿನ್ನಿನೊಡನೆ 33,000 ಅಡಿಗಳಿಗೂ ಮೇಲೇರಿದರು.

ನಮ್ಮ ವಿಷಯವಾದ ರೂಢಿಗಳ ಕಥೆ ಮೊದಲಾಗುವುದು ಎರಡನೆಯ ಮಹಾಯುದ್ಧದಲ್ಲಿ. ಬಿ-17 ಮತ್ತು ಬಿ-24 ಲಿಬರೇಟರ್ ಎಂಬ ಅಮೆರಿಕದ ದೊಡ್ಡ ಬಾಂಬರ್ ವಿಮಾನಗಳ ಪ್ರತಿಯೊಂದು ಎಂಜಿನ್ನಿಗೂ ಟರ್ಬೊ ಇತ್ತು. ಆರಂಭದ ಮಾದರಿಗಳಲ್ಲಿ ಅದರ ವೇಗವನ್ನು ಹತೋಟಿಯಲ್ಲಿಡುತ್ತಿದ್ದುದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಒಂದು ನಿಯಂತ್ರಕ. ಎತ್ತರದ ಕೊರೆಯುವ ಚಳಿಯಲ್ಲಿ ಆ ಎಣ್ಣೆ ಹೆಪ್ಪುಗಟ್ಟಿದರೆ ಹತೋಟಿ ತಪ್ಪುತ್ತಿತ್ತು. ಆದುದರಿಂದ ವೈಮಾನಿಕರು ಆಗಾಗ ಅದರ ಸನ್ನೆಗಳನ್ನು ಹಿಂದೆ ಮುಂದೆ ಆಡಿಸುತ್ತಿರಬೇಕಾಗಿತ್ತು. ಯುದ್ಧದ ಕಾಲದಲ್ಲಿಯೇ ವಿದ್ಯುನ್ಮಾನ ನಿಯಂತ್ರಕಗಳು ಬಂದವು, ಆ ರೂಢಿಯ ಅಗತ್ಯ ಮುಗಿಯಿತು. ಒಂದು ರೂಢಿ ಒಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟುತ್ತದೆ. ಆ ಕಷ್ಟ ನಿವಾರಣೆಯಾದಾಗ ಅದರ ಆಯುಸ್ಸೂ ಮುಗಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿ.

ಈ ಲಿಬರೇಟರ್ ವಿಮಾನಗಳಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳು ದುರಸ್ತಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಅನೇಕ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ, ಮರಳಿ ಬಳಸಲಾಗದಂತೆ ಕೆಡಿಸಿ, ಬಿಟ್ಟುಹೋಗಲಾಗಿತ್ತು. ಸ್ವಾತಂತ್ರ್ಯಾನಂತರ ಅವುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ ಬೆಂಗಳೂರಿಗೆ ತಂದು, ಇಲ್ಲಿನ ಕೆಲಸಗಾರರು ಪೂರ್ಣವಾಗಿ ಪುನರುಜ್ಜೀವಗೊಳಿಸಿದರು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯ ಸೇವೆಯಲ್ಲಿದ್ದವು. ಪರರು ಕೆಡಿಸಿ ಎಸೆದುದನ್ನು ಇಪ್ಪತ್ತು ವರ್ಷ ಹಾರಿಸಿದ ಆ ಕೈಗಳನ್ನು ನೆನೆದಾಗ, ಸುಸ್ಥಿತಿಯಲ್ಲಿದ್ದ ಕಾರನ್ನು ಎರಡೇ ವರ್ಷದಲ್ಲಿ ಕೆಡಿಸಿದ ನನಗೆ ನಾಚಿಕೆಯಾಗುತ್ತದೆ.

ಟರ್ಬೊ ನೆಲಕ್ಕಿಳಿದ ಬಗೆಯನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ, ಆದರೆ ಗುರುತಿಸಿರಲಿಲ್ಲ. 1960ರ ದಶಕದಲ್ಲಿ ನಮ್ಮ ರೈಲ್ವೆಗೆ ಬಂದ ಆಲ್ಕೊ ವಿನ್ಯಾಸದ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊ ಇತ್ತು. ರೈಲು ನಿಲ್ದಾಣದಿಂದ ಹೊರಡುವಾಗ ಅವು ಕಾರ್ಮೋಡದಂಥ ಹೊಗೆ ಉಗುಳುತ್ತಿದ್ದುದು ನೆನಪಿದೆಯೇ? ಚಾಲಕ ವೇಗ ಹೆಚ್ಚಿಸಿದೊಡನೆ ಡೀಸೆಲ್ ಹೆಚ್ಚಾಗಿ ಬೀಳುತ್ತದೆ. ಟರ್ಬೊ ಚಕ್ರ ಮಾತ್ರ ರಭಸ ಪಡೆಯಲು ಕೆಲವು ಕ್ಷಣ ಬೇಕು. ಆ ನಡುವಿನ ಕ್ಷಣಗಳಲ್ಲಿ ಗಾಳಿ ಸಾಲದೆ ಇಂಧನ ಅರೆಬರೆ ಉರಿದು ಮಸಿಯಾಗುತ್ತಿತ್ತು.

ಕಾರುಗಳ ಮಟ್ಟಿಗೆ ಮೊದಲ ಹೆಜ್ಜೆ ಬಿದ್ದುದು 1962ರಲ್ಲಿ, ಅಮೆರಿಕದಲ್ಲಿ. ಆ ವರ್ಷ ಷೆವ್ರೊಲೆ ಕಾರ್ವೇರ್ ಮತ್ತು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಎರಡು ಟರ್ಬೊ ಕಾರುಗಳು ಮಾರುಕಟ್ಟೆಗೆ ಬಂದವು. ಜೆಟ್‌ಫೈರ್‌ನ ಕಥೆಯನ್ನು ನಾನು ಇಂದಿಗೂ ತರಗತಿಯಲ್ಲಿದ್ದಿದ್ದರೆ ಪಾಠವಾಗಿ ಹೇಳುತ್ತಿದ್ದೆ. ಅದರ ಸುಮಾರು 3.5 ಲೀಟರಿನ ಎಂಜಿನ್ 215 ಅಶ್ವಶಕ್ತಿ ಕೊಡುತ್ತಿತ್ತು. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ; ಅತಿಯಾದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ನಿಗೆ ಪೆಟ್ಟಾಗುತ್ತದೆ. ಅದನ್ನು ತಪ್ಪಿಸಲು ಶುದ್ಧ ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಎಂಜಿನ್ನಿನೊಳಗೆ ಸಿಂಪಡಿಸುವ ಏರ್ಪಾಡು ಮಾಡಿದ್ದರು. ಆ ದ್ರವದ ತೊಟ್ಟಿಯನ್ನು ಕಾರಿನ ಒಡೆಯರು ಆಗಾಗ ತುಂಬಿಸಬೇಕು. ಇಷ್ಟೇ ಕೆಲಸ. ಆದರೆ ಜನ ಮರೆತರು. ತೊಟ್ಟಿ ಬರಿದಾದಾಗ ಎಂಜಿನ್ನಿನ ರಕ್ಷಣೆಗಾಗಿ ಟರ್ಬೊವಿನ ಬಲ ತಾನಾಗಿ ಕಡಿತವಾಗುತ್ತಿತ್ತು. ಹಣ ಕೊಟ್ಟು ಕೊಂಡ ವೇಗವೇ ಇಲ್ಲವಾಗುತ್ತಿತ್ತು. 1963ರ ಮಾದರಿಯೊಡನೆ ತಯಾರಿಕೆ ನಿಂತಿತು. ಹತ್ತು ಸಾವಿರಕ್ಕೂ ಕಡಮೆ ಕಾರುಗಳು ತಯಾರಾದವು. ಅವುಗಳಲ್ಲಿ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಕೂಡಿಸಲಾಯಿತು. ಯಂತ್ರ ಜಾಣತನದ್ದಾಗಿತ್ತು, ಅದು ಬೇಡಿದ ರೂಢಿ ಮಾತ್ರ ಜನರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮುಂದಿನ ಪ್ರಯತ್ನಗಳು ಯೂರೋಪಿನಲ್ಲಿ ನಡೆದವು. 1973ರಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಬಂದಿತು. ಅದೇ ಕಾಲಕ್ಕೆ ತೈಲದ ಬಿಕ್ಕಟ್ಟೂ ಬಂದು, 1,672 ಕಾರುಗಳಿಗೇ ಅದರ ಆಯುಸ್ಸು ಮುಗಿಯಿತು. ಪೋರ್ಷೆ 911 ಟರ್ಬೊ 1974ರಲ್ಲಿ ಪ್ರದರ್ಶನಗೊಂಡಿತು. ದಿನಬಳಕೆಗೆ ಹೊಂದುವ ಟರ್ಬೊ ಕಾರನ್ನು ಕೊಟ್ಟ ಹೆಗ್ಗಳಿಕೆ ಸ್ವೀಡನ್ನಿನ ಸಾಬ್ ಕಂಪನಿಗೆ ಸಲ್ಲಬೇಕು. 1977ರಲ್ಲಿ ಪ್ರದರ್ಶಿಸಿದ ತನ್ನ 99 ಟರ್ಬೊ ಕಾರಿನಲ್ಲಿ ಅದು ಪುಟ್ಟ ಟರ್ಬೊವನ್ನು ಬಳಸಿ, ಸಾಮಾನ್ಯ ವೇಗದಲ್ಲಿಯೇ ಬಲ ಒದಗುವಂತೆ ಮಾಡಿತು. 1978ರಲ್ಲಿ ಮರ್ಸಿಡಿಸ್ ಕಂಪನಿ 300 ಎಸ್‌ಡಿ ಎಂಬ ಟರ್ಬೊ ಡೀಸೆಲ್ ಕಾರನ್ನು ಅಮೆರಿಕದಲ್ಲಿ ಮಾರತೊಡಗಿತು.

ಹೀಗೆ ಟರ್ಬೊ ಸಾಮಾನ್ಯರ ಕೈಗೆ ಬಂದ ಮೇಲೆ ಗ್ಯಾರೇಜುಗಳಲ್ಲಿ ಹೊಸದೊಂದು ರೋಗ ಕಾಣಿಸಿತು. ನನ್ನ ವಿದ್ಯಾರ್ಥಿ ತೋರಿಸಿದ ಕರಿಯೇ ಆ ರೋಗ. ಕಾರಿನ ಟರ್ಬೊ ದಂಡವು ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗುತ್ತದೆ. ಅಂಥ ವೇಗದಲ್ಲಿ ಲೋಹಕ್ಕೆ ಲೋಹ ತಾಗುವಂತಿಲ್ಲ. ಎಣ್ಣೆಯ ತೆಳುವಾದ ಪದರದ ಮೇಲೆ ದಂಡ ತೇಲುತ್ತಿರುತ್ತದೆ. ಅದೇ ಎಣ್ಣೆ ಹರಿಯುತ್ತಾ ಶಾಖವನ್ನೂ ಹೊತ್ತೊಯ್ಯುತ್ತದೆ. ಏರು ಹತ್ತುವಾಗ ಹೊಗೆಯ ಬದಿಯ ಚಕ್ರ ಕೆಂಡದಂತೆ ಕಾಯುತ್ತದೆ. ಆ ಸ್ಥಿತಿಯಲ್ಲಿ ಎಂಜಿನ್ ಆರಿಸಿದರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಹರಿಯದೆ ನಿಂತ ಎಣ್ಣೆ, ಒಲೆಯ ಮೇಲೆ ಮರೆತ ಬಾಣಲೆಯಲ್ಲಿ ಸೀದು ತಳ ಹಿಡಿಯುವಂತೆ, ಬೇರಿಂಗಿನಲ್ಲಿ ಸೀದು ಕರಿಯಾಗುತ್ತದೆ. ದಿನದಿನವೂ ಒಂದಿಷ್ಟು. ಕೊನೆಗೆ ಎಣ್ಣೆಯ ದಾರಿ ಮುಚ್ಚುತ್ತದೆ, ಬೇರಿಂಗ್ ಸವೆಯುತ್ತದೆ, ದಂಡ ಅಲ್ಲಾಡುತ್ತದೆ. ಬಹುದೂರ ಓಡಿಬಂದ ಜಟಕಾ ಕುದುರೆಯನ್ನು ಒಮ್ಮೆಲೇ ಕಟ್ಟದೆ, ನಾಲ್ಕು ಹೆಜ್ಜೆ ನಿಧಾನವಾಗಿ ನಡೆಸಿ ಆರಿಸಬೇಕೆಂದು ಗಾಡಿಯವರಿಗೆ ತಿಳಿದಿತ್ತು. ಲೋಹದ ಕುದುರೆಗೂ ಅದೇ ಉಪಚಾರ ಬೇಕಾಯಿತು. ಆರಿಸುವ ಮುನ್ನ ಒಂದು ನಿಮಿಷ ಎಂಜಿನ್ ಸುಮ್ಮನೆ ನಡೆಯಲಿ ಎಂಬ ರೂಢಿ ಹರಡಿದ್ದು ಹೀಗೆ. ಕೀಲಿ ತೆಗೆದು ಮಾಲೀಕ ಹೊರಟುಹೋದರೂ ಎಂಜಿನ್ನನ್ನು ತುಸು ಹೊತ್ತು ನಡೆಸಿ ತಾನಾಗಿ ಆರಿಸುವ ಟರ್ಬೊ ಟೈಮರ್ ಎಂಬ ಉಪಕರಣವೂ ಜಪಾನಿನಲ್ಲಿ ಜನಪ್ರಿಯವಾಯಿತು.

ಎಂಜಿನಿಯರುಗಳೂ ಸುಮ್ಮನೆ ಕೂಡಲಿಲ್ಲ. ಹೆಚ್ಚು ಶಾಖ ತಾಳುವ ಸಿಂಥೆಟಿಕ್ ಆಯಿಲ್‌ಗಳು 1970ರ ದಶಕದಿಂದಲೇ ಬರತೊಡಗಿದ್ದವು. 1980ರ ದಶಕದಲ್ಲಿ ಟರ್ಬೊ ಬೇರಿಂಗಿನ ಸುತ್ತ ನೀರು ಹರಿಸಿ ತಂಪು ಮಾಡುವ ವಿಧಾನ ರೂಢಿಗೆ ಬಂದಿತು. ಇಂದಿನ ಕೆಲವು ಕಾರುಗಳಲ್ಲಿ ಎಂಜಿನ್ ಆರಿದ ಮೇಲೂ ವಿದ್ಯುತ್ ಪಂಪು ಆ ನೀರನ್ನು ಹರಿಸುತ್ತಲೇ ಇರುತ್ತದೆ. ಆದುದರಿಂದ ಪೇಟೆಗೆ ತರಕಾರಿಗೆ ಹೋಗಿ ನಿಧಾನವಾಗಿ ಹಿಂದಿರುಗಿದಾಗಲೂ ಅಂಗಳದಲ್ಲಿ ಐದು ನಿಮಿಷ ಎಂಜಿನ್ ಗುರುಗುಟ್ಟಿಸುವುದು ಅನಗತ್ಯ. ಅಂಥ ಸಂದರ್ಭದಲ್ಲಿ, ಇಂಧನ ಸುಡಬೇಡಿ ಎಂಬ ನನ್ನ ಹಳೆಯ ಮಾತೇ ಸರಿ. ಆದರೆ ಘಾಟಿ ಹತ್ತಿ ಬಂದಾಗ, ಹೆದ್ದಾರಿಯಲ್ಲಿ ರಭಸದಿಂದ ಓಡಿಸಿ ಒಮ್ಮೆಲೇ ನಿಲ್ಲಿಸಿದಾಗ, ಆ ಒಂದು ನಿಮಿಷ ಇಂದಿಗೂ ಸಾರ್ಥಕ. ಕೊನೆಯ ಒಂದೆರಡು ಕಿಲೋಮೀಟರನ್ನು ನಿಧಾನವಾಗಿ ಓಡಿಸಿದರೆ ಇನ್ನೂ ಒಳ್ಳೆಯದು. ಆಗ ನಿಂತು ಕಾಯುವ ಪ್ರಮೇಯವೇ ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ಚರಿತ್ರೆ ವೇಗ ಪಡೆದುದು ಈಚೆಗೆ. 1998ರ ಟಾಟಾ ಸಫಾರಿ, 2002ರ ಮಹೀಂದ್ರ ಸ್ಕಾರ್ಪಿಯೊ, 2007ರ ಡೀಸೆಲ್ ಸ್ವಿಫ್ಟ್ ಇವೆಲ್ಲ ಟರ್ಬೊ ವಾಹನಗಳೇ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ದೇಶಾದ್ಯಂತ ಜಾರಿಗೆ ಬಂದಿತು. ಈ ಕಾಲಘಟ್ಟದಲ್ಲಿ ಒಂದು ಲೀಟರಿನ ಆಸುಪಾಸಿನ ಟರ್ಬೊ ಪೆಟ್ರೋಲ್ ಎಂಜಿನ್ನುಗಳು ಮಧ್ಯಮವರ್ಗದ ಕಾರುಗಳಿಗೂ ಬಂದಿವೆ. ನಿಮ್ಮಲ್ಲಿ ಹಲವರು ಟರ್ಬೊ ಇದೆಯೆಂದು ಅರಿಯದೆಯೇ ಅಂಥ ಕಾರನ್ನು ಓಡಿಸುತ್ತಿರಬಹುದು.

ಈ ಹೊಸ ಎಂಜಿನ್ನುಗಳೊಡನೆ ಹೊಸ ಕಷ್ಟವೂ ಬಂದಿತು. ಮೇಲಿನ ಗೇರಿನಲ್ಲಿ, ಎಂಜಿನ್ ತೀರ ನಿಧಾನವಾಗಿ ತಿರುಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ಣವಾಗಿ ತುಳಿದರೆ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಹುದು. ಇದನ್ನು ತಡೆಯಲೆಂದೇ 2018ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಆಯಿಲ್‌ಗೆ ಎಸ್‌ಎನ್ ಪ್ಲಸ್ ಎಂಬ ಹೊಸ ವರ್ಗವನ್ನು ಸೇರಿಸಿತು. ಆದುದರಿಂದ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿದರೆ ಗೇರ್ ಇಳಿಸಿ, ಅನಂತರ ತುಳಿಯಿರಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರುಮಾಡಿದ ಕೂಡಲೇ ರಭಸ ಬೇಡ. ಆಯಿಲ್ ಬಿಸಿಯಾಗಿ ಸರಾಗವಾಗಿ ಹರಿಯುವವರೆಗೆ ಕೆಲವು ನಿಮಿಷ ಸಾವಧಾನವಾಗಿ ಓಡಿಸಿ. ಏರ್ ಫಿಲ್ಟರ್ ಶುಚಿಯಾಗಿರಲಿ. ಆ ವೇಗದಲ್ಲಿ ತಿರುಗುವ ಅಲಗುಗಳಿಗೆ ಧೂಳೂ ಶತ್ರುವೇ. ಎಲ್ಲಕ್ಕಿಂತ ಮಿಗಿಲಾಗಿ, ಕಂಪನಿಯ ಕೈಪಿಡಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹೇಳಿದ ಅವಧಿಯೊಳಗೆ ಬದಲಿಸಿ. ಇದೊಂದನ್ನು ಪಾಲಿಸಿದ್ದರೂ ನನ್ನ ಪಿಂಚಣಿ ಉಳಿಯುತ್ತಿತ್ತೇನೋ.

ಇಷ್ಟೆಲ್ಲ ಓದಿದ ಮೇಲೆ, ಕಳೆದ ದೀಪಾವಳಿಗೆ ಅಳಿಯಂದಿರು ಬಂದಾಗ ನಾನಾಗಿಯೇ ಮಾತು ತೆಗೆದೆ. "ಅಂದು ನಿಮ್ಮನ್ನು ಸುಮ್ಮನೆ ಗದರಿದೆ. ನಿಮ್ಮದೇ ಸರಿಯಿತ್ತು. ನೀವಾದರೂ ಕಾರಣ ಹೇಳಬಾರದಿತ್ತೇ?" ಎಂದೆ. ಅವರು ಸಂಕೋಚದಿಂದ ನಕ್ಕು, "ಕಾರಣ ನನಗೂ ಗೊತ್ತಿರಲಿಲ್ಲ ಮಾವ. ಕಾರು ಕೊಡುವಾಗ ಹಾಗೆ ಮಾಡಿ ಅಂದಿದ್ದರು, ಮಾಡುತ್ತಿದ್ದೆ. ನೀವು ಬೇಡ ಅಂದಿರಿ, ಬಿಟ್ಟೆ" ಎಂದರು.

ಅವರು ಕಾರಣ ತಿಳಿಯದೆ ಹಿಡಿದಿದ್ದರು, ನಾನು ಕಾರಣ ತಿಳಿಯದೆ ಬಿಡಿಸಿದೆ. ಕಾರಣ ಮರೆತ ರೂಢಿಯನ್ನು ಯಾರು ಬೇಕಾದರೂ ಒಂದು ಮಾತಿನಲ್ಲಿ ಕೆಡವಬಹುದು. ಅದು ಕಾರಿಗಷ್ಟೇ ಅಲ್ಲ, ಮನೆಗೂ ಊರಿಗೂ ಅನ್ವಯಿಸುವ ಮಾತು. ಹಿರಿಯರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಬಾಂಬರ್ ವಿಮಾನದ ಸನ್ನೆಗಳನ್ನು ಇಂದಿಗೂ ಆಡಿಸುತ್ತ ಕುಳಿತರೆ ಅದು ಮೌಢ್ಯವೇ. ಬಿಡುವ ಮೊದಲು ಒಮ್ಮೆ ಏಕೆ ಎಂದು ಕೇಳಿ, ಹಿಡಿಯುವ ಮೊದಲೂ ಕೇಳಿ.

ಮೊನ್ನೆ ಮೊಮ್ಮಗನೊಡನೆ ಘಾಟಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿದೆ. "ಅಜ್ಜ, ನಿಂತಾಯಿತಲ್ಲ, ಏಕೆ ಆಫ್ ಮಾಡಲಿಲ್ಲ?" ಎಂದು ಕೇಳಿದ. ಬಾಣಲೆಯ ಎಣ್ಣೆಯ ಉದಾಹರಣೆ ಹೇಳಿ ಮುಗಿಸುವಷ್ಟರಲ್ಲಿ ಒಂದು ನಿಮಿಷ ಕಳೆದಿತ್ತು. ಕೀಲಿ ತಿರುಗಿಸಿ ನೀರುದೋಸೆ ತಿನ್ನಲು ಇಳಿದೆವು.

ನಿಮ್ಮ ಪ್ರಯಾಣಗಳೆಲ್ಲ ಸುಖಕರವಾಗಲಿ. ಈ ಕಡೆಗೆ ಬಂದಾಗ ನಮ್ಮ ಮನೆಗೂ ಬನ್ನಿ. ಘಾಟಿ ಹತ್ತಿ ಬಂದವರು ಅಂಗಳದಲ್ಲಿ ಒಂದು ನಿಮಿಷ ಎಂಜಿನ್ ಆರಿಸದೆ ಕುಳಿತರೆ, ಇನ್ನು ಮುಂದೆ ಯಾರೂ ಗದರುವುದಿಲ್ಲ.